ಗ್ರಿಲ್ಲಿನಲ್ಲಿ ಶಂಕರಪುರ ಮಲ್ಲಿಗೆ: ಠಾಣೆಯ ಫ್ಲ್ಯಾಟಿನಲ್ಲಿ ನನ್ನ ಅನುಭವ

ಮುಂಬೈ ಕಡೆ ನಮ್ಮ ಉಡುಪಿಯ ಶಂಕರಪುರ ಮಲ್ಲಿಗೆ ಗಿಡ ಬದುಕುತ್ತದೆ, ಆದರೆ ಹೂ ಬಿಡುವುದಿಲ್ಲ ಎಂಬ ಮಾತು ಇಲ್ಲಿನ ನಮ್ಮ ಜನರಲ್ಲಿ ಎಷ್ಟು ಗಟ್ಟಿಯಾಗಿದೆ ಎಂದರೆ ಯಾರೂ ಪ್ರಯತ್ನಕ್ಕೇ ಹೋಗುವುದಿಲ್ಲ. ಊರಿನವರು ಕಟಪಾಡಿ, ಶಂಕರಪುರದ ಮಣ್ಣು ಬೇಕು ಎನ್ನುತ್ತಾರೆ. ಇಲ್ಲಿನ ನರ್ಸರಿಯವರು ಹವೆ ಆಗುವುದಿಲ್ಲ ಎಂದು ಹೇಳಿ ಮೋಗ್ರಾ, ಅಂದರೆ ದುಂಡು ಮಲ್ಲಿಗೆ ಕೈಗಿಡುತ್ತಾರೆ. ಠಾಣೆಯ ನನ್ನ ನಾಲ್ಕನೆಯ ಮಹಡಿಯ ಕಿಟಕಿಯ ಗ್ರಿಲ್ಲಿನಲ್ಲಿ ಈಗ ನಾಲ್ಕು ಬಕೆಟ್ ಗಿಡಗಳಿವೆ. ಮಾರ್ಚ್ ಮಧ್ಯದಿಂದ ಮೇ ಕೊನೆಯ ತನಕ ಹೆಚ್ಚುಕಡಿಮೆ ದಿನಾ ಒಂದು ಗೇಣು ಕಟ್ಟುವಷ್ಟು ಮೊಗ್ಗು ಸಿಗುತ್ತದೆ. ಊರಿನ ಲೆಕ್ಕದಲ್ಲಿ 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಆ ಲೆಕ್ಕಕ್ಕೆ ಇದು ಏನೂ ಅಲ್ಲ. ಆದರೆ ಲೋಕಲ್ ರೈಲು ಹಿಡಿದು ಹೊರಡುವ ಮುಂಚೆ ಮುಡಿಗೊಂದು, ದೇವರಿಗೊಂದು ತುಂಡು ತಾಜಾ ಮಲ್ಲಿಗೆ ಸ್ವಂತ ಕಿಟಕಿಯಿಂದ ಸಿಗುವ ಸುಖಕ್ಕೆ ಈ ಊರಿನಲ್ಲಿ ಸಾಟಿ ಇಲ್ಲ ಎಂದೇ ನಾನು ಹೇಳುವುದು.

ತೊಡಕು ಮಣ್ಣಿನದ್ದಲ್ಲ, ಬಿಸಿಲಿನದ್ದು. ಇದನ್ನು ಮೊದಲು ಬಗೆಹರಿಸಿಕೊಳ್ಳದೆ ಗೊಬ್ಬರಕ್ಕೆ ಎಷ್ಟು ಸುರಿದರೂ ಎಲೆ ಬರುತ್ತದೆ, ಹೂ ಬರುವುದಿಲ್ಲ.

ಎಲ್ಲರೂ ದಕ್ಷಿಣದ ಕಿಟಕಿ ಒಳ್ಳೆಯದು ಎನ್ನುತ್ತಾರೆ. ಡಿಸೆಂಬರ್‌ನಲ್ಲಿ ನೋಡಿದರೆ ಹೌದು, ಬೆಳಿಗ್ಗೆಯಿಂದ ಸಂಜೆಯ ತನಕ ಬಿಸಿಲು ಒಳಗೆ ಬಂದು ಬೀಳುತ್ತದೆ. ಆಗ ಮಧ್ಯಾಹ್ನದ ಸೂರ್ಯ ಇಲ್ಲಿ ಸುಮಾರು 47 ಡಿಗ್ರಿ ಎತ್ತರದಲ್ಲಿ ಮಾತ್ರ ಇರುತ್ತಾನೆ. ಏಪ್ರಿಲ್ ಕೊನೆಗೆ ಅದೇ ಸೂರ್ಯ ಸುಮಾರು 85 ಡಿಗ್ರಿಗೆ ಏರಿ ಹೆಚ್ಚುಕಡಿಮೆ ನೆತ್ತಿಯ ಮೇಲೆ ಬಂದಾಗ, ಕಿಟಕಿಯ ಮೇಲಿನ ಎರಡು ಅಡಿಯ ಛಜ್ಜಾದ ನೆರಳು ಇಡೀ ಗ್ರಿಲ್ಲನ್ನು ನುಂಗುತ್ತದೆ. ಮೇ ಮಧ್ಯದಲ್ಲಿ ಮುಂಬೈಗೆ ಶೂನ್ಯ ನೆರಳಿನ ದಿನ ಬರುತ್ತದೆ. ಅಲ್ಲಿಂದ ಜುಲೈ ಕೊನೆಯ ತನಕ ಮಧ್ಯಾಹ್ನದ ಸೂರ್ಯ ಉತ್ತರಕ್ಕೆ ಸರಿದಿರುತ್ತಾನೆ, ದಕ್ಷಿಣದ ಗೋಡೆಗೆ ನೇರ ಬಿಸಿಲೇ ಇಲ್ಲ. ಅಂದರೆ ಮಲ್ಲಿಗೆಯ ಹಂಗಾಮು ಬರುವ ಹೊತ್ತಿಗೆ ದಕ್ಷಿಣದ ಕಿಟಕಿ ಕೈ ಕೊಡುತ್ತದೆ. ಬಾಲ್ಕನಿಯಲ್ಲಿ ಹೂ ಬಿಡದೆ ಸೊಂಪಾಗಿ ಬೆಳೆದ ಮಲ್ಲಿಗೆ ಕಂಡರೆ ಹತ್ತರಲ್ಲಿ ಆರೇಳು ಕಡೆ ಕಾರಣ ಇದೇ.

ಬೇಕಾದದ್ದು ಪೂರ್ವದ ಕಿಟಕಿ. ಎದುರಿಗೆ ಎತ್ತರದ ಟವರ್, ಮೇಲೆ ಅಡ್ಡ ಬರುವ ಛಜ್ಜಾ ಇಲ್ಲದಿದ್ದರೆ ಬೆಳಿಗ್ಗೆ ಏಳರಿಂದ ಹನ್ನೆರಡರ ತನಕ ಐದು ಗಂಟೆ ನೇರ ಬಿಸಿಲು ಸಿಗುತ್ತದೆ, ಅಷ್ಟು ಸಾಕು. ಪಶ್ಚಿಮದಲ್ಲೂ ಗಂಟೆಯ ಲೆಕ್ಕ ಸರಿಹೋಗುತ್ತದೆ, ಆದರೆ ಏಪ್ರಿಲ್ ಮಧ್ಯಾಹ್ನದ ಕಾವಿಗೆ ಬಕೆಟ್ ಬಿಸಿಯಾಗಿ ಬೇರು ಬಳಲುತ್ತದೆ, ನುಸಿಯೂ ಬೇಗ ಹತ್ತುತ್ತದೆ. ಗಿಡ ತರುವ ಮೊದಲು ಕಿಟಕಿಯ ಚೌಕಟ್ಟಿನ ಮೇಲೆ ಸೀಮೆಸುಣ್ಣದಲ್ಲಿ ಬಿಸಿಲು ಬಂದ ಹೊತ್ತು, ಹೋದ ಹೊತ್ತು ಬರೆದಿಡಿ. ಫೆಬ್ರವರಿಯಲ್ಲಿ ಒಂದು ಸಲ, ಏಪ್ರಿಲ್ ಕೊನೆಗೆ ಇನ್ನೊಂದು ಸಲ. ಏಪ್ರಿಲ್ ಲೆಕ್ಕದಲ್ಲಿ ನಾಲ್ಕು ಗಂಟೆಗಿಂತ ಕಡಿಮೆ ಬಂದರೆ ಮಲ್ಲಿಗೆಯ ಆಸೆ ಬಿಡುವುದು ಲೇಸು.

ಗಿಡದ ವಿಷಯ. ದಾದರ್ ಮಾರುಕಟ್ಟೆಯ ದುಂಡು ಮೋಗ್ರಾ ಬೇರೆ, ನಮ್ಮದು ಬೇರೆ ಎಂದು ನಿಮಗೆ ಹೇಳಬೇಕಾಗಿಲ್ಲ. ನಮ್ಮದು ನೀಳ ಮೊಗ್ಗು, ತೆಳು ಕೊಳವೆ. ಇಲ್ಲಿ ನರ್ಸರಿಯಲ್ಲಿ ಆ ಹೆಸರು ಹೇಳಿ ಮಾರುವ ಗಿಡಗಳನ್ನು ಹೂ ನೋಡದೆ ಕೊಳ್ಳಬೇಡಿ. ಊರಿನಿಂದ ಕಡ್ಡಿ ತರುವುದೇ ಸರಿ. ಪೆನ್ಸಿಲ್‌ಗಿಂತ ತುಸು ತೆಳುವಾದ, ಅರ್ಧ ಬಲಿತ, ಮೂರು ನಾಲ್ಕು ಗಿಣ್ಣಿರುವ ಗೇಣುದ್ದದ ಕಡ್ಡಿ. ಬುಡದ ಕಡೆಗೆ ಒದ್ದೆ ಬಟ್ಟೆ, ಅದರ ಮೇಲೆ ಬಾಳೆ ಎಲೆ, ಮೇಲಿಂದ ಪ್ಲಾಸ್ಟಿಕ್. ಮತ್ಸ್ಯಗಂಧ ರೈಲಿನಲ್ಲಿ ಮಧ್ಯಾಹ್ನದ ಮೇಲೆ ಉಡುಪಿ ಬಿಟ್ಟರೆ ಮರುದಿನ ಬೆಳಿಗ್ಗೆ ಠಾಣೆ. ಅಷ್ಟು ಹೊತ್ತು ಏನೂ ಆಗುವುದಿಲ್ಲ. ಎಸಿ ಡಬ್ಬಿಯಲ್ಲಿ ಮೇಲಿನ ಗಾಳಿ ತೂತಿನ ಹತ್ತಿರ ಮಾತ್ರ ಇಡಬೇಡಿ, ಒಣಗುತ್ತದೆ. ಜುಲೈ, ಆಗಸ್ಟ್‌ನಲ್ಲಿ ತಂದರೆ ಇಲ್ಲಿನ ತೇವದ ಗಾಳಿಯೇ ಅರ್ಧ ಕೆಲಸ ಮಾಡುತ್ತದೆ. ಅರ್ಧ ಮರಳು, ಅರ್ಧ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ತುಂಬಿದ ಚೀಲದಲ್ಲಿ ಎರಡು ಗಿಣ್ಣು ಮುಳುಗುವಂತೆ ನೆಟ್ಟು ನೆರಳಲ್ಲಿಟ್ಟರೆ ಐದಾರು ವಾರಕ್ಕೆ ಬೇರು. ಹತ್ತು ಕಡ್ಡಿಗೆ ನಾಲ್ಕೋ ಐದೋ ಉಳಿಯುವುದು ಸಾಮಾನ್ಯ. ನನ್ನಲ್ಲಿ ಏಳೆಂಟು ಉಳಿಯುತ್ತವೆ. ನೆಡುವ ಮುಂಚೆ ಕಡ್ಡಿ ಅದ್ದುವ ನೀರಿಗೆ ಬೆರೆಸುವ ಅಡುಗೆಮನೆಯ ಸಾಮಾನೊಂದಿದೆ, ಅದು ಸದ್ಯಕ್ಕೆ ನನ್ನ ಬಳಿಯೇ ಇರಲಿ.

ಕುಂಡಕ್ಕೆ 20 ಲೀಟರಿನ ಬಿಳಿ ಪೇಂಟ್ ಬಕೆಟ್. ಗುಜರಿಯಲ್ಲಿ ಅರವತ್ತು ಎಂಬತ್ತು ರೂಪಾಯಿಗೆ ಸಿಗುತ್ತದೆ. ಕಪ್ಪು ಕುಂಡ ಬೇಡ, ಮೇ ತಿಂಗಳಲ್ಲಿ ಅದರ ಗೋಡೆ ಮುಟ್ಟಿ ನೋಡಿದರೆ ಯಾಕೆಂದು ತಿಳಿಯುತ್ತದೆ. ತೂತು ತಳದಲ್ಲಿ ಮಾತ್ರ ಕೊರೆದರೆ ಗ್ರಿಲ್ಲಿನ ಪಟ್ಟಿಗೋ ತಟ್ಟೆಗೋ ಅಂಟಿ ಮುಚ್ಚಿಹೋಗುತ್ತದೆ. ಪಕ್ಕದಲ್ಲಿ, ತಳದಿಂದ ಅರ್ಧ ಇಂಚು ಮೇಲೆ, ಸುತ್ತಲೂ ಏಳೆಂಟು ತೂತು ಕೊರೆಯಿರಿ. ತಳಕ್ಕೆ ಇಟ್ಟಿಗೆ ಚೂರು ತುಂಬುವ ಪದ್ಧತಿ ನಾನು ಬಿಟ್ಟಿದ್ದೇನೆ. ಅದರಿಂದ ನೀರು ಬೇಗ ಇಳಿಯುವುದಿಲ್ಲ, ಒದ್ದೆ ಮಣ್ಣಿನ ಪದರ ಬೇರಿಗೆ ಇನ್ನಷ್ಟು ಹತ್ತಿರ ಬರುತ್ತದೆ ಅಷ್ಟೆ. ತೂತಿಗೆ ಒಳಗಿನಿಂದ ತೆಂಗಿನ ನಾರು ಒತ್ತಿದರೆ ಸಾಕು.

ಇಲ್ಲಿ ಗೋಣಿಯಲ್ಲಿ ಸಿಗುವ ಕೆಂಪು ಮಣ್ಣು ಎರಡು ಮಳೆಗೆ ಕಲ್ಲಾಗುತ್ತದೆ. ಅದನ್ನು ಎರಡು ಪಾಲು ಹಾಕಿದರೆ ದಪ್ಪ ಮರಳು ಒಂದು ಪಾಲು, ಎರೆಗೊಬ್ಬರ ಒಂದು ಪಾಲು, ಕೋಕೋಪೀಟ್ ಅರ್ಧ ಪಾಲು ಬೇಕೇ ಬೇಕು. ಬಕೆಟ್ಟಿಗೆ ಒಂದು ಹಿಡಿ ಬೇವಿನ ಹಿಂಡಿ. ಮಣ್ಣು ನೆನೆದಾಗ ಒಂದು ಬಕೆಟ್ 20 ಕಿಲೋ ದಾಟುತ್ತದೆ. ನಾಲ್ಕು ಬಕೆಟ್ಟಿನ ಭಾರ ಗ್ರಿಲ್ಲಿನ ತುದಿಗೆ ಬೀಳದಂತೆ ಗೋಡೆಯ ಕಡೆಗೆ ಇಡಿ. ಕಬ್ಬಿಣದ ಪಟ್ಟಿಯಾದರೆ ಬೆಸುಗೆಯ ಜಾಗದಲ್ಲಿ ತುಕ್ಕು ಹಿಡಿದಿದೆಯೇ ಎಂದು ಪ್ರತಿ ವರ್ಷ ಮಳೆ ಕಳೆದ ಮೇಲೆ ನೋಡಲೇಬೇಕು. ಕೆಳಗೆ ಜನ ಓಡಾಡುತ್ತಾರೆ, ಇದರಲ್ಲಿ ರಾಜಿ ಇಲ್ಲ. ತಟ್ಟೆಯೂ ಬೇಕು, ಕೆಳಗಿನ ಮನೆಯ ಒಣಹಾಕಿದ ಬಟ್ಟೆಯ ಮೇಲೆ ಕೆಂಪು ನೀರು ಸೋರಿದರೆ ಸೊಸೈಟಿಯ ಮೀಟಿಂಗಿನಲ್ಲಿ ಮಲ್ಲಿಗೆಯ ಮಾತೇ ಮುಗಿಯುತ್ತದೆ. ಮಳೆಗಾಲದಲ್ಲಿ ತಟ್ಟೆ ತೆಗೆದಿಡಿ. ನಿಂತ ನೀರಿಗೆ ಸೊಳ್ಳೆ ಬರುತ್ತದೆ, ಪಾಲಿಕೆಯವರು ಬಂದು ನೋಡಿಯೂ ನೋಡುತ್ತಾರೆ.

ನೀರಿನಲ್ಲೇ ಹೆಚ್ಚಿನ ಗಿಡ ಕೆಡುವುದು. ಬೇಸಿಗೆಯಲ್ಲಿ ಸೊಸೈಟಿಗೆ ಟ್ಯಾಂಕರ್ ಬಂತೆಂದರೆ ಅದು ಬಹುಪಾಲು ಗಡಸು ನೀರು. ಮೂರು ನಾಲ್ಕು ವಾರದಲ್ಲಿ ಎಳೆ ಎಲೆ ಹಳದಿಯಾಗಿ, ನರ ಮಾತ್ರ ಹಸಿರಾಗಿ ಉಳಿಯುತ್ತದೆ. ಅದು ಗೊಬ್ಬರದ ಕೊರತೆ ಎಂದು ಯೂರಿಯಾ ಹಾಕುವವರಿದ್ದಾರೆ. ಅದು ಕಬ್ಬಿಣ ಬೇರಿಗೆ ದಕ್ಕದೆ ಬರುವ ಹಳದಿ, ಯೂರಿಯಾದಿಂದ ಹೋಗುವುದಿಲ್ಲ, ಎಲೆಯ ಕೊಬ್ಬು ಹೆಚ್ಚಿ ಮೊಗ್ಗು ಕಡಿಮೆಯಾಗುತ್ತದೆ. ಎಸಿಯ ಪೈಪಿನಿಂದ ಸೋರುವ ನೀರು ಇದಕ್ಕೆ ಒಳ್ಳೆಯದು. ಅದರಲ್ಲಿ ಉಪ್ಪಿನ ಅಂಶ ಇರುವುದಿಲ್ಲ, ಏಪ್ರಿಲ್ ರಾತ್ರಿ ಅರ್ಧ ಬಕೆಟ್ ಹತ್ತಿರ ಸಿಗುತ್ತದೆ, ಪುಕ್ಕಟೆ. ಎರಡು ಗಿಡಕ್ಕೆ ಅದನ್ನೇ, ಎರಡಕ್ಕೆ ಟ್ಯಾಂಕರ್ ನೀರನ್ನೇ ಕೊಟ್ಟು ಒಂದು ಬೇಸಿಗೆ ನೋಡಿದ್ದೇನೆ. ಎಲೆಯ ಬಣ್ಣದಲ್ಲೇ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತಿತ್ತು.

ಇನ್ನು ಸವರುವುದು. ಹೂ ಬರುವುದು ಹೊಸ ಚಿಗುರಿನ ತುದಿಯಲ್ಲಿ, ಹೆಚ್ಚಾಗಿ ಮೂರು ಮೂರರ ಗೊಂಚಲಿನಲ್ಲಿ; ನಡುವಿನ ಮೊಗ್ಗು ಮೊದಲು ಬಲಿಯುತ್ತದೆ, ಎರಡು ಪಕ್ಕದವು ಆಮೇಲೆ. ಹಳೆಯ ಕಡ್ಡಿ ಉಳಿಸಿಕೊಂಡು ಕೂತರೆ ಹೂ ಎಲ್ಲಿಂದ ಬರಬೇಕು? ಡಿಸೆಂಬರ್ ಕೊನೆಗೆ ನೀರು ನಿಲ್ಲಿಸಿ. ಬಕೆಟ್ಟಿನಲ್ಲಿ ಐದಾರು ದಿನಕ್ಕೆ ಎಲೆ ಜೋಲುತ್ತದೆ. ಜೋತ ಮರುದಿನ ಇಡೀ ಗಿಡವನ್ನು ಒಂದು ಅಡಿ ಎತ್ತರಕ್ಕೆ ಕತ್ತರಿಸಿ, ಉಳಿದ ಎಲೆ ಕೈಯಲ್ಲಿ ಕಿತ್ತು, ಮೇಲಿನ ಎರಡು ಇಂಚು ಮಣ್ಣು ತೆಗೆದು ಎರೆಗೊಬ್ಬರ ತುಂಬಿ, ಆಮೇಲೆ ತಳದಿಂದ ಹರಿಯುವಷ್ಟು ನೀರು ಕೊಡಿ. ಗಿಡ ಸತ್ತೇ ಹೋಯಿತು ಎಂದು ಮನೆಯವರು ಹೇಳುವ ಹಾಗೆ ಕಾಣಬೇಕು, ಅಷ್ಟು ಸವರಬೇಕು. ಎರಡು ವಾರಕ್ಕೆ ಚಿಗುರು, ಅಲ್ಲಿಂದ ಐದಾರು ವಾರಕ್ಕೆ ಮೊದಲ ಮೊಗ್ಗು. ಆಮೇಲೆ ಪ್ರತಿ ಗೊಂಚಲು ಮುಗಿದ ಕೂಡಲೇ ಅದರ ಕೆಳಗಿನ ಎರಡು ಜೊತೆ ಎಲೆ ಸಮೇತ ಕತ್ತರಿಸಿ, ತಿಂಗಳೊಳಗೆ ಮತ್ತೆ ಮೊಗ್ಗು. ನಾಲ್ಕು ಗಿಡವನ್ನು ಒಂದೇ ದಿನ ಸವರಬೇಡಿ, ವಾರ ವಾರ ಬಿಟ್ಟು ಸವರಿದರೆ ಹೂ ಒಮ್ಮೆಲೇ ಬಂದು ಒಮ್ಮೆಲೇ ಮುಗಿಯುವುದಿಲ್ಲ. ಯುಗಾದಿಯ ಬೆಳಿಗ್ಗೆಗೆ ಸರಿಯಾಗಿ ಬರುವಂತೆ ಯಾವ ವಾರ ಕತ್ತರಿ ಹಾಕಬೇಕೆಂಬ ಲೆಕ್ಕ ನನ್ನಲ್ಲಿದೆ. ಕಿಟಕಿಯಿಂದ ಕಿಟಕಿಗೆ ಅದು ಬದಲಾಗುತ್ತದೆ, ನಿಮ್ಮದನ್ನು ನೀವೇ ಕಂಡುಕೊಳ್ಳಿ.

ಗೊಬ್ಬರಕ್ಕೆ ಊರಿನ ನೆಲಗಡಲೆ ಹಿಂಡಿಯೇ. ಒಂದು ಹಿಡಿ ಹಿಂಡಿ ಎರಡು ಲೀಟರ್ ನೀರಿನಲ್ಲಿ ಮೂರು ದಿನ ನೆನೆದರೆ ಅದಕ್ಕೆ ಐದು ಪಾಲು ನೀರು ಸೇರಿಸಿ ಎರಡು ವಾರಕ್ಕೊಮ್ಮೆ. ವಾಸನೆ ವಿಪರೀತ, ಫ್ಲ್ಯಾಟಿನಲ್ಲಿ ಮುಚ್ಚಳ ಗಟ್ಟಿ ಇರುವ ಡಬ್ಬಿ ಬೇಕು, ರಾತ್ರಿ ಹಾಕಬೇಕು. ಪಾರಿವಾಳದ ಹಿಕ್ಕೆ ಪುಕ್ಕಟೆ ಗೊಬ್ಬರ ಎಂದು ಹಸಿಯಾಗಿ ಹಾಕಿದರೆ ಬೇರು ಸುಡುತ್ತದೆ. ಪಾರಿವಾಳ ಬಕೆಟ್ಟಿನಲ್ಲಿ ಕೂತು ಚಿಗುರು ಮುರಿಯುವುದೂ ಇದೆ, ನೈಲಾನ್ ಬಲೆ ಇಲ್ಲದೆ ಮುಂಬೈಯಲ್ಲಿ ಈ ಕೆಲಸ ಆಗದು. ನನ್ನ ಖರ್ಚಿನಲ್ಲಿ ದೊಡ್ಡ ಬಾಬತ್ತು ಅದೇ.

ಮೊಗ್ಗು ನೇರಳೆ ಬಣ್ಣಕ್ಕೆ ತಿರುಗಿ ಅರಳದೆ ಉದುರುತ್ತಿದ್ದರೆ ಅದು ಮೊಗ್ಗಿನ ಬುಡದಲ್ಲಿರುವ ಸಣ್ಣ ನೊಣದ ಮರಿ. ಬಿಡಿಸಿ ನೋಡಿದರೆ ಬಿಳಿ ಹುಳು ಕಾಣುತ್ತದೆ. ಔಷಧಿಗಿಂತ ಮುಖ್ಯ, ಬಿದ್ದ ಮೊಗ್ಗು ಒಂದನ್ನೂ ಬಕೆಟ್ಟಿನಲ್ಲಿ ಬಿಡಬಾರದು. ಆ ಹುಳು ಮಣ್ಣಿಗಿಳಿದು ಕೋಶ ಕಟ್ಟಿ ಮತ್ತೆ ನೊಣವಾಗಿ ಮೇಲೇಳುತ್ತದೆ. ಮಣ್ಣಿನ ಮೇಲೆ ಹಳೆಯ ಸೀರೆಯ ತುಂಡು ಹಾಸಿ ದಿನಾ ಕೊಡವಿದರೆ ಮೂರು ನಾಲ್ಕು ವಾರಕ್ಕೆ ಹತೋಟಿಗೆ ಬರುತ್ತದೆ. ನುಸಿಗೆ ಎಲೆಯ ಅಡಿಗೆ ನೀರು ರಭಸವಾಗಿ ಹೊಡೆಯುವುದು, ಜೊತೆಗೆ ಲೀಟರಿಗೆ 5 ಮಿಲಿ ಬೇವಿನ ಎಣ್ಣೆ, ಎರಡು ಹನಿ ಸೋಪು, ಸಂಜೆ ಹೊತ್ತು ಮಾತ್ರ.

ಮಳೆಗಾಲದಲ್ಲಿ ಗಿಡ ಉಳಿದರೆ ಸಾಕು, ಹೂ ಕೇಳಬಾರದು. ಕಾಂಡದ ಸುತ್ತ ಪ್ಲಾಸ್ಟಿಕ್ ಹಾಳೆ ಕಟ್ಟಿ ಬಕೆಟ್ಟಿನ ಅಂಚಿನಿಂದ ಹೊರಗೆ ಇಳಿಬಿಟ್ಟರೆ ನೇರ ಮಳೆ ಮಣ್ಣಿಗೆ ಬೀಳುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಗೊಬ್ಬರ ಬಂದ್. ಮಳೆಗಿಂತ ಕೆಟ್ಟದ್ದು ಕಟ್ಟಡದ ರಿಪೇರಿ. ಹಸಿರು ಬಲೆ ಸುತ್ತಿ ಪರಾಂಚಿ (ಬಿದಿರಿನ ಅಟ್ಟಣೆ) ಕಟ್ಟಿದರೆಂದರೆ ಆ ವರ್ಷದ ಹೂ ಮರೆತಂತೆ. ನೋಟೀಸು ಕಂಡ ದಿನವೇ ಗಚ್ಚಿಗೆ (ತಾರಸಿಗೆ) ಸಾಗಿಸಲು ಅನುಮತಿ ಕೇಳಿ.

ದುಡ್ಡಿನ ಲೆಕ್ಕ ನೆನಪಿನಿಂದ: ಬಕೆಟ್, ಮಣ್ಣು, ಗೊಬ್ಬರ ಸೇರಿ ಒಂದೂವರೆ ಸಾವಿರ, ಬಲೆಗೆ ಎರಡು ಸಾವಿರದ ಹತ್ತಿರ, ಒಣಗಿದ ಗಿಡಗಳಿಗೆ ಹೋದದ್ದು ಮತ್ತೊಂದು ಸಾವಿರ. ಆಮೇಲೆ ವರ್ಷಕ್ಕೆ ಆರೇಳು ನೂರು. ಮುಂಬೈಯ ಮಾಟುಂಗದಲ್ಲಿ ಊರಿನ ಮಲ್ಲಿಗೆಯ ಒಂದು ಗೇಣಿಗೆ ಸಾಧಾರಣ ದಿನ ಐವತ್ತು, ಹಬ್ಬದಲ್ಲಿ ಅದರ ಎರಡು ಮೂರು ಪಟ್ಟು ಕೊಡುವವರಿಗೆ ಇದು ಒಂದೆರಡು ಹಂಗಾಮಿನಲ್ಲಿ ತೀರುವ ಖರ್ಚು.

ಕೊಯ್ಯುವುದು ಬೆಳಿಗ್ಗೆ ಆರಕ್ಕೆ. ಪೂರ್ತಿ ಬೆಳ್ಳಗಾಗಿ ಉಬ್ಬಿದ್ದು ಇಂದಿನದು, ತುದಿಯಲ್ಲಿ ಹಸಿರು ಛಾಯೆ ಇದ್ದದ್ದು ನಾಳೆಯದು. ಕಟ್ಟಲು ಹತ್ತಿ ದಾರ ಬೇಡ, ತೊಟ್ಟು ಕತ್ತರಿಸುತ್ತದೆ. ಸತ್ಯನಾರಾಯಣ ಪೂಜೆ ಮುಗಿದ ಮನೆಯಲ್ಲಿ ಬಾಳೆ ಕಂಬ ಎಸೆಯುವ ಮೊದಲು ಕೇಳಿ ತಂದು, ಪಟ್ಟೆ ಬಿಡಿಸಿ ನೆರಳಲ್ಲಿ ಒಣಗಿಸಿದರೆ ಆರು ತಿಂಗಳಿನ ನಾರು. ಕಟ್ಟುವ ಮುಂಚೆ ಹತ್ತು ನಿಮಿಷ ನೆನೆಸಿ ಉಗುರಿನಿಂದ ದಾರದಷ್ಟು ಸೀಳಿ. ಎರಡು ಮೊಗ್ಗು ಈ ಕಡೆ, ಎರಡು ಆ ಕಡೆ ಮುಖ ಮಾಡಿ ತೊಟ್ಟು ತೊಟ್ಟಿಗೆ ಸೇರಿಸಿ ಎಡಗೈ ಹೆಬ್ಬೆರಳಲ್ಲಿ ಒತ್ತಿ, ನಾರಿನ ಕುಣಿಕೆಯನ್ನು ತೊಟ್ಟಿನ ಮೇಲಿಂದ ದಾಟಿಸಿ ಎಳೆಯಿರಿ. ನಾರು ಬಿಗಿಯಾಗಿ ನಿಂತ ಕ್ಷಣಕ್ಕೆ ಕೈ ಬಿಡಬೇಕು, ಇನ್ನೊಂದು ಎಳೆತಕ್ಕೆ ತೊಟ್ಟು ಜಜ್ಜಿ ಸಂಜೆಗೆ ಕಂದಾಗುತ್ತದೆ. ಹೀಗೆ ಒತ್ತಾಗಿ ಕಟ್ಟಿದರೆ ಗೇಣಿಗೆ ನೂರರ ಹತ್ತಿರ ಮೊಗ್ಗು ಹಿಡಿಯುತ್ತದೆ.

ಮಲ್ಲಿಗೆ ಇಲ್ಲದ ತಿಂಗಳಿಗೆ ಎರಡು ಪ್ರಯೋಗ ನಡೆದಿವೆ. ಚಳಿಗೆ ಕಾಕಡ ಮಲ್ಲಿಗೆ, ದಕ್ಷಿಣದ ಕಿಟಕಿ ಇದಕ್ಕೆ ಸರಿ, ಅದು ಹೂ ಬಿಡುವುದೇ ಆ ಕಿಟಕಿಗೆ ಬಿಸಿಲಿರುವ ತಿಂಗಳಲ್ಲಿ. ಪರಿಮಳ ಇಲ್ಲವೆನ್ನುವಷ್ಟು ಕಡಿಮೆ. ಇನ್ನೊಂದು ಅಬ್ಬಲಿಗೆ (ಕನಕಾಂಬರ). ಎರಡು ಮೂರು ಗಂಟೆ ಬಿಸಿಲಿಗೂ ಒಪ್ಪುತ್ತದೆ, ಎಂಟು ಇಂಚಿನ ಕುಂಡ ಸಾಕು, ಒಣಗಿದ ತೆನೆ ಕತ್ತರಿಸುತ್ತಾ ಹೋದರೆ ವರ್ಷದ ಬಹುಪಾಲು ಹೂವಿರುತ್ತದೆ. ಬಿಸಿಲು ಹೆಚ್ಚಿಸಲು ಗೋಡೆಗೆ ಬೆಳ್ಳಿ ಹಾಳೆ ಅಂಟಿಸಿಯೂ ನೋಡಾಯಿತು. ಎದುರು ಮನೆಯವರ ಕಣ್ಣಿಗೆ ಹೊಡೆದದ್ದೇ ಹೆಚ್ಚು, ಮೊಗ್ಗಿನ ಲೆಕ್ಕದಲ್ಲಿ ಏನೂ ಬದಲಾಗಲಿಲ್ಲ. ಉತ್ತರದ ಕಿಟಕಿ ಮಾತ್ರ ಇರುವವರು ಅಬ್ಬಲಿಗೆಯ ಎರಡು ಗಿಡದಿಂದ ಶುರು ಮಾಡಿ, ಗಚ್ಚಿಯಲ್ಲಿ ಒಂದು ಮೂಲೆ ಸಿಕ್ಕಾಗ ಮಲ್ಲಿಗೆಗೆ ಕೈ ಹಾಕಿ.