ನಿಂತ ಬಸ್ಸಿನ ಮುಂದಿನಿಂದ ರಸ್ತೆ ದಾಟಬೇಡಿ

ಬೆಂಗಳೂರಿನಲ್ಲಿ ದಿನಾ ಬಸ್ಸಿನಲ್ಲಿ ಓಡಾಡುವವರು ದಯವಿಟ್ಟು ಓದಿ. ಬಸ್ಸು ಇಳಿದ ತಕ್ಷಣ ಅದರ ಮುಂದಿನಿಂದಲೇ ರಸ್ತೆ ದಾಟುವ ಅಭ್ಯಾಸ ಬಹಳ ಜನಕ್ಕಿದೆ. ಇದು ತುಂಬಾ ಅಪಾಯ. ಬಲಗಡೆಯಿಂದ ಓವರ್‌ಟೇಕ್ ಮಾಡಿ ಬರುವ ಬೈಕಿನವನಿಗೆ ನೀವು ಕಾಣುವುದಿಲ್ಲ, ನಿಮಗೂ ಅವನು ಕಾಣುವುದಿಲ್ಲ. ಗಂಟೆಗೆ 40 ಕಿ.ಮೀ. ವೇಗದ ಗಾಡಿ ಒಂದೇ ಸೆಕೆಂಡಿಗೆ ಸುಮಾರು 11 ಮೀಟರ್ ಮುಂದೆ ಬಂದಿರುತ್ತದೆ. ಬ್ರೇಕ್ ಹಿಡಿಯಲು ಸಮಯವೇ ಸಿಗುವುದಿಲ್ಲ. ಬಂಪರಿಗೆ ಅಂಟಿಕೊಂಡಂತೆ ನಡೆದರೆ, ಮೇಲೆ ಕೂತ ಬಸ್ ಡ್ರೈವರಿಗೂ ಚಿಕ್ಕ ಮಕ್ಕಳು ಕಾಣದೆ ಹೋಗಬಹುದು. ಬಸ್ಸು ಹೊರಡಲಿ. ಅರ್ಧ ನಿಮಿಷ ತಾನೇ? ರಸ್ತೆ ಪೂರ್ತಿ ಕಂಡ ಮೇಲೆ ದಾಟಿ.

ಒನ್‌ವೇ ಅಂತ ಒಂದೇ ಕಡೆ ನೋಡಬೇಡಿ. ರಾಂಗ್ ಸೈಡಲ್ಲಿ ನುಗ್ಗುವವರು ಇದ್ದೇ ಇರುತ್ತಾರೆ, ಅಲ್ವಾ? ಎಲೆಕ್ಟ್ರಿಕ್ ಸ್ಕೂಟರ್ ಬಂದದ್ದು ಕಿವಿಗೆ ಗೊತ್ತೇ ಆಗುವುದಿಲ್ಲ. ಇಯರ್‌ಫೋನ್ ತೆಗೆದು ಜೇಬಿಗೆ ಹಾಕಿ, ಕಣ್ಣನ್ನೇ ನಂಬಿ.

ಕೈ ಅಡ್ಡ ತೋರಿಸುವುದು ಒಳ್ಳೆಯದೇ. ಆದರೆ ಗಾಡಿ ನಿಧಾನವಾದದ್ದು ಕಂಡ ಮೇಲೆ ಹೆಜ್ಜೆ ಇಡಿ. ಮೊದಲ ಕಾರು ನಿಂತರೂ ಅದರ ಪಕ್ಕದ ಲೇನಿನವನು ನಿಲ್ಲದೇ ಬರಬಹುದು. ಅದಕ್ಕೇ ಆ ಕಾರನ್ನು ದಾಟುವ ಮುಂಚೆ ಒಮ್ಮೆ ನಿಂತು ಇಣುಕಿ ನೋಡಿ. ಜಾಸ್ತಿ ಜನ ಎಡವುವುದು ಇಲ್ಲೇ ಅಂತ ನನ್ನ ಅನಿಸಿಕೆ.

ಗಾಡಿ ಓಡಿಸುವವರಿಗೂ ಒಂದು ಮಾತು. ಜೀಬ್ರಾ ಪಟ್ಟೆಯ ಹತ್ತಿರ ಮುಂದಿನ ಗಾಡಿ ನಿಂತಿದ್ದರೆ ಸುಮ್ನೆ ಹಾರ್ನ್ ಮಾಡಿ ಪಕ್ಕದಿಂದ ನುಗ್ಗಬೇಡಿ. ಅದರ ಮುಂದೆ ಯಾರೋ ದಾಟುತ್ತಿರಬಹುದು.

ಮಕ್ಕಳ ಜೊತೆ ದಾಟುವಾಗ ಬೆರಳು ಹಿಡಿದರೆ ಸಾಲದು, ಮಣಿಕಟ್ಟು ಹಿಡಿಯಿರಿ.