ನೌಕೆ ಇಳಿಯುವ ದಿನ ನಾನು ಹಾಕುವ ಲೆಕ್ಕ: ಗಾಳಿ, ಅಲೆ, ಬೆಳಕು

ಬಾಹ್ಯಾಕಾಶದಿಂದ ಜನ ವಾಪಸ್ ಬರುವ ದಿನ ನಾನು ಸುದ್ದಿಯವರು ಹೇಳಲಿ ಅಂತ ಕಾಯುವುದಿಲ್ಲ. ಇಳಿಯುವ ಜಾಗದ ಗಾಳಿ, ಮೋಡ, ಅಲೆ, ಬೆಳಕು ಎಲ್ಲವನ್ನೂ ನಾನೇ ತೆಗೆದು ನೋಡುತ್ತೇನೆ. ‘ಇಳಿಸಬಹುದು’ ಅಥವಾ ‘ಇವತ್ತು ಬೇಡ’ ಅಂತ ಪುಸ್ತಕದಲ್ಲಿ ಬರೆಯುತ್ತೇನೆ. ಆಮೇಲೆ ಅಲ್ಲಿಯವರು ಏನು ತೀರ್ಮಾನ ಮಾಡಿದರು ಅನ್ನುವುದನ್ನು ಪಕ್ಕದಲ್ಲಿ ಬರೆದು, ಎರಡೂ ಬೇರೆ ಆಗಿದ್ದರೆ ಯಾಕೆ ಅಂತ ಹುಡುಕುತ್ತೇನೆ. ನಾಪೋಕ್ಲು ಕಡೆಯ ಕಾಫಿ ತೋಟದಲ್ಲಿ ಕೂತು, ಒಂದು ಫೋನು ಒಂದು ಕ್ಯಾಲ್ಕುಲೇಟರ್ ಇಟ್ಟುಕೊಂಡು ಮಾಡಬಹುದಾದ ಕೆಲಸ ಇದು. ಬೇಕಾದ ಮಾಹಿತಿ ಪುಕ್ಕಟೆಯಾಗಿ ಸಿಗುತ್ತದೆ.

ಕೊಡಗಿನ ತೋಟದವರಿಗೆ ಹವಾಮಾನ ಬರೆದಿಡುವುದು ಹೊಸದೇನಲ್ಲ. ಬೆಳಗ್ಗೆ ಎದ್ದು ಮಳೆ ಮಾಪಕ ನೋಡಿ, ಇಂಚು ಸೆಂಟು ಲೆಕ್ಕದಲ್ಲಿ ಬರೆಯುವ ಪುಸ್ತಕ ಎಷ್ಟೋ ಮನೆಗಳಲ್ಲಿ ಅಜ್ಜನ ಕಾಲದಿಂದ ಇದೆ. ಹೂಮಳೆ ಎಷ್ಟು ಬಿತ್ತು, ಹೂ ಬಿಟ್ಟ ಮೇಲೆ ಬೇಕಾದ ಬ್ಯಾಕಿಂಗ್ ಮಳೆ ಸಿಕ್ಕಿತಾ ಇಲ್ವಾ, ಎಲ್ಲ ಅದರಲ್ಲಿ ಇರುತ್ತದೆ. ನಾನು ನಮ್ಮ ಪುಸ್ತಕದ ಹಿಂದಿನ ಹಾಳೆಗಳನ್ನು ನೌಕೆಗಳಿಗೆ ಇಟ್ಟುಕೊಂಡೆ. 2003ರ ಫೆಬ್ರವರಿ 1ರಂದು ಅಮೆರಿಕದ ರೆಕ್ಕೆಯಿದ್ದ ನೌಕೆ ಕೊಲಂಬಿಯಾ ಶಟಲ್ ಹಿಂತಿರುಗುವಾಗ ಕಲ್ಪನಾ ಚಾವ್ಲಾ ಮತ್ತು ಜೊತೆಯ ಆರು ಜನ ತೀರಿಕೊಂಡರು. ಅದಕ್ಕೆ ಹವಾಮಾನ ಕಾರಣವಲ್ಲ. ಮೇಲೇರುವಾಗಲೇ ರೆಕ್ಕೆಗೆ ಬಿದ್ದ ಪೆಟ್ಟು ಕಾರಣ. ಆದರೆ ವಾಪಸ್ ಬರುವುದು ಎಷ್ಟು ದೊಡ್ಡ ಕೆಲಸ ಅಂತ ನಾನು ಓದಲು ಕೂತಿದ್ದು ಆಗ. ಓದುತ್ತಾ ಹೋದ ಹಾಗೆ, ಇಳಿಯುವ ಜಾಗದ ಆಕಾಶಕ್ಕೆ ಅವರು ಎಷ್ಟು ಬೆಲೆ ಕೊಡುತ್ತಾರೆ ಅನ್ನುವುದು ಗೊತ್ತಾಯಿತು.

ಶಟಲ್ ಇಳಿಯುವಾಗ ಅದಕ್ಕೆ ಎಂಜಿನ್ ಬಲ ಇರುತ್ತಿರಲಿಲ್ಲ. ಗ್ಲೈಡರ್ ತರಹ ತೇಲಿಕೊಂಡು ಬರಬೇಕು. ವಿಮಾನದ ಹಾಗೆ ಇನ್ನೊಂದು ಸುತ್ತು ಹೊಡೆದು ಬರುತ್ತೇನೆ ಅನ್ನುವ ಮಾತೇ ಇಲ್ಲ. ಇಳಿಯುವುದಕ್ಕೆ ಸುಮಾರು ಒಂದು ಗಂಟೆ ಮೊದಲು, ಭೂಮಿಯ ಆ ಕಡೆ, ಎಷ್ಟೋ ಸಲ ನಮ್ಮ ಹಿಂದೂ ಮಹಾಸಾಗರದ ಮೇಲೆ, ವೇಗ ಕಡಿಮೆ ಮಾಡಲು ಎಂಜಿನ್ ಉರಿಸುತ್ತಿದ್ದರು. ಅದು ಉರಿದ ಮೇಲೆ ಮುಗೀತು, ಇಳಿಯಲೇಬೇಕು. ಹಾಗಾಗಿ ತೀರ್ಮಾನ ಸುಮಾರು 90 ನಿಮಿಷ ಮೊದಲೇ ಆಗಬೇಕಿತ್ತು. ಈಗ ಆಕಾಶ ಹೇಗಿದೆ ಅನ್ನುವುದು ಅರ್ಧ ಪ್ರಶ್ನೆ ಮಾತ್ರ. ಒಂದೂವರೆ ಗಂಟೆ ಬಿಟ್ಟು ಹೇಗಿರುತ್ತದೆ ಅನ್ನುವುದು ಇನ್ನರ್ಧ. ತೋಟಕ್ಕೆ ಬೋರ್ಡೋ ಔಷಧಿ ಹೊಡೆಸುವ ದಿನ ನಾವು ಮಾಡುವುದೂ ಇದೇ ಅಲ್ವಾ, ಈಗ ಬಿಸಿಲಿದೆಯಾ ಅಂತ ನೋಡಿದರೆ ಸಾಲದು, ಹೊಡೆದಿದ್ದು ಒಣಗುವಷ್ಟು ಹೊತ್ತು ಮಳೆ ಬಿಡುತ್ತದಾ ಅಂತ ನೋಡಬೇಕು.

ಫ್ಲೋರಿಡಾದ ಕೆನೆಡಿ ಕೇಂದ್ರದ ರನ್‌ವೇಗೆ ಶಟಲ್ ಇಳಿಸಲು ಇದ್ದ ಮುಖ್ಯ ಮಿತಿಗಳು ಇವು. ಮೋಡದ ಸೀಲಿಂಗ್, ಅಂದರೆ ಆಕಾಶದ ಹೆಚ್ಚು ಭಾಗ ಮುಚ್ಚಿದ ಮೋಡದ ತಳ, 8,000 ಅಡಿಗಿಂತ ಕೆಳಗೆ ಇರಬಾರದು. ಕನಿಷ್ಠ 5 ಮೈಲಿ ದೂರ ಕಾಣಬೇಕು. ಸುತ್ತ 30 ನಾಟಿಕಲ್ ಮೈಲಿಯೊಳಗೆ ಮಳೆ ಗುಡುಗು ಇರಬಾರದು, ಯಾಕೆಂದರೆ ಆ ವೇಗದಲ್ಲಿ ಮಳೆಹನಿ ಬಡಿದರೂ ಹೊಟ್ಟೆಯ ಕೆಳಗಿನ ಬಿಸಿ ತಡೆಯುವ ಟೈಲ್ಸ್ ಹಾಳಾಗುತ್ತದೆ. ರನ್‌ವೇಗೆ ಅಡ್ಡ ಬೀಸುವ ಅಡ್ಡಗಾಳಿ ಹಗಲಿಗೆ 15 ನಾಟ್, ರಾತ್ರಿಗೆ 12 ನಾಟ್ ದಾಟಬಾರದು (ಒಂದು ನಾಟ್ ಅಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ, ಸುಮಾರು 1.85 ಕಿಲೋಮೀಟರ್). ಈ ಕೊನೆಯದನ್ನು ಗಮನಿಸಿ. ಬೆಳಕು ಕಮ್ಮಿ ಆದರೆ ಗಾಳಿಯ ಮಿತಿಯೂ ಇಳಿಯುತ್ತದೆ. ಬೆಳಕು ಬೇರೆ, ಹವಾಮಾನ ಬೇರೆ ಅಂತ ಎರಡು ಪಟ್ಟಿ ಮಾಡಿಕೊಂಡರೆ ಇದು ಕಣ್ಣಿಗೆ ಬೀಳುವುದೇ ಇಲ್ಲ. ನನ್ನ ಹಾಳೆಯಲ್ಲಿ ಮೊದಲ ಸಾಲು ಯಾವಾಗಲೂ ಇಳಿಯುವ ಹೊತ್ತಿಗೆ ಸೂರ್ಯ ಎಲ್ಲಿರುತ್ತಾನೆ ಅನ್ನುವುದು. ಉಳಿದ ಸಾಲುಗಳೆಲ್ಲ ಅದರ ಮೇಲೆ ನಿಂತಿವೆ.

ಈಗ ಓದುವ ವಿಧಾನ. ವಿಮಾನ ನಿಲ್ದಾಣಗಳು ಮೆಟಾರ್ ಅನ್ನುವ ಚಿಕ್ಕ ವರದಿ ಕೊಡುತ್ತಲೇ ಇರುತ್ತವೆ. ಶಟಲ್ ರನ್‌ವೇಯ ಸಂಕೇತ ಕೆಟಿಟಿಎಸ್. ವರದಿಯಲ್ಲಿ ‘09014ಜಿ18’ ಅಂತ ಇದ್ದರೆ 90 ಡಿಗ್ರಿ, ಅಂದರೆ ಪೂರ್ವದಿಂದ, 14 ನಾಟ್ ಗಾಳಿ, ನಡುನಡುವೆ 18ರ ಬೀಸು. ರನ್‌ವೇ ಸುಮಾರು 150 ಡಿಗ್ರಿಗೆ ಮುಖ ಮಾಡಿದೆ. ಎರಡರ ನಡುವಿನ ಕೋನ 60 ಡಿಗ್ರಿ. ಅದರ ಸೈನ್ 0.87. 18ಕ್ಕೆ ಗುಣಿಸಿದರೆ 15.6 ನಾಟ್ ಅಡ್ಡಗಾಳಿ. ಹಗಲಲ್ಲೂ ಆಗಲ್ಲ. ಬೀಸು ಬಿಟ್ಟು ಬರೀ 14 ತೆಗೆದುಕೊಂಡರೂ 12 ದಾಟುತ್ತದೆ, ಅಂದರೆ ರಾತ್ರಿಗೆ ಅದೂ ಆಗಲ್ಲ. ಮೋಡವನ್ನು ಆಕಾಶದ ಎಂಟು ಪಾಲಿನಲ್ಲಿ ಅಳೆಯುತ್ತಾರೆ. ಐದರಿಂದ ಏಳು ಪಾಲು ಮುಚ್ಚಿದ್ದರೆ ಬಿಕೆಎನ್, ಪೂರ್ತಿ ಮುಚ್ಚಿದರೆ ಓವಿಸಿ. ಈ ಎರಡರಲ್ಲಿ ಯಾವುದು ಕೆಳಗಿದೆಯೋ ಅದೇ ಸೀಲಿಂಗ್. ‘ಎಸ್‌ಸಿಟಿ030 ಬಿಕೆಎನ್070’ ಅಂತ ಇದ್ದರೆ 3,000 ಅಡಿಯಲ್ಲಿರುವುದು ಚದುರಿದ ಮೋಡ, ಅದು ಸೀಲಿಂಗ್ ಅಲ್ಲ. 7,000 ಅಡಿಯಲ್ಲಿರುವುದು ಸೀಲಿಂಗ್. 8,000ಕ್ಕೆ ಕಮ್ಮಿ, ಹಾಗಾಗಿ ಬೇಡ. ಕಲಿಯಬೇಕು ಅನ್ನುವವರು ಮೊದಲು ಮಂಗಳೂರು ವಿಮಾನ ನಿಲ್ದಾಣದ ಮೆಟಾರ್ ಓದಿ ಅಭ್ಯಾಸ ಮಾಡಿ. ಗೊತ್ತಿರುವ ಊರಿನ ಆಕಾಶವನ್ನು ಅಂಕಿಯಲ್ಲಿ ನೋಡಿದರೆ ಬೇಗ ತಲೆಗೆ ಹತ್ತುತ್ತದೆ.

ನನಗೆ ತೋಟದ ಬದುಕು ಜಾಸ್ತಿ ಸಹಾಯಕ್ಕೆ ಬಂದಿದ್ದು ಮಂಜಿನ ವಿಷಯದಲ್ಲಿ. ವರದಿಯಲ್ಲಿ ‘22/21’ ಅಂತ ಎರಡು ಅಂಕಿ ಇರುತ್ತದೆ. ಮೊದಲನೆಯದು ಉಷ್ಣತೆ, ಎರಡನೆಯದು ಇಬ್ಬನಿ ಬಿಂದು, ಅಂದರೆ ಗಾಳಿಯ ತೇವ ನೀರಾಗಲು ಶುರುವಾಗುವ ಉಷ್ಣತೆ. ಎರಡೂ ಹತ್ತಿರ ಬಂದಿವೆ, ಗಾಳಿ ಸತ್ತಿದೆ, ಆಕಾಶ ತಿಳಿಯಾಗಿದೆ, ಸೂರ್ಯ ಹುಟ್ಟಲು ಇನ್ನೂ ಹೊತ್ತಿದೆ ಅಂದರೆ ಮಂಜು ಕೂರುವ ಎಲ್ಲ ಲಕ್ಷಣ ಇದೆ ಅಂತ ಅರ್ಥ. ಆ ಕ್ಷಣಕ್ಕೆ ವರದಿಯಲ್ಲಿ 10 ಮೈಲಿ ಕಾಣುತ್ತದೆ ಅಂತ ಇರಬಹುದು. ಡಿಸೆಂಬರಿನಲ್ಲಿ ನಮ್ಮ ಗದ್ದೆ ಬಯಲು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಕ್ಷತ್ರ ಹೊಳೆಯುತ್ತಿರುತ್ತದೆ, ಕಾಫಿ ಕುಡಿದು ಹೊರಗೆ ಬರುವಷ್ಟರಲ್ಲಿ ಎದುರಿನ ಕಣ ಕಾಣುವುದಿಲ್ಲ. ಫ್ಲೋರಿಡಾದ ಆ ರನ್‌ವೇ ಸುತ್ತ ನೀರು, ಜೌಗು. ಅಲ್ಲೂ ಬೆಳಗಿನ ಜಾವದ ಮಂಜು ದೊಡ್ಡ ತಲೆನೋವು.

ಮಿತಿ ದಾಟಿದರೆ ಅವರು ನಿಜವಾಗಿಯೂ ಕಾಯುತ್ತಿದ್ದರು. 2009ರ ಮೇ ತಿಂಗಳಲ್ಲಿ ಹಬಲ್ ದೂರದರ್ಶಕ ರಿಪೇರಿ ಮಾಡಿ ಬಂದ ಅಟ್ಲಾಂಟಿಸ್ ಫ್ಲೋರಿಡಾದ ಮಳೆಮೋಡ ಬಿಡದೆ ಮೇಲೇ ಸುತ್ತುತ್ತಾ ಇತ್ತು. ಕೊನೆಗೆ 24ರಂದು ಕ್ಯಾಲಿಫೋರ್ನಿಯಾದ ಎಡ್ವರ್ಡ್ಸ್‌ನಲ್ಲಿ ಇಳಿಯಿತು. 1982ರ ಮಾರ್ಚಿನಲ್ಲಿ ಮೂರನೆಯ ಶಟಲ್ ಯಾನಕ್ಕೆ ಎಡ್ವರ್ಡ್ಸ್‌ನ ರನ್‌ವೇಯಾಗಿ ಬಳಸುವ ಒಣ ಕೆರೆ ಅಂಗಳವೇ ನೀರು ನಿಂತು ಒದ್ದೆಯಾಗಿತ್ತು. ನ್ಯೂ ಮೆಕ್ಸಿಕೋದ ವೈಟ್ ಸ್ಯಾಂಡ್ಸ್‌ಗೆ ಹೋದರೆ ಅಲ್ಲಿ ಧೂಳಿನ ಗಾಳಿ. ಒಂದು ದಿನ ತಡವಾಗಿ ಇಳಿಸಿದರು. ಇಂಥ ತಾಳ್ಮೆ ನೋಡಿದರೆ ನನಗೆ ಆ ಜನರ ಮೇಲೆ ಗೌರವ ಹೆಚ್ಚಾಗುತ್ತದೆ.

ಶಟಲ್ ಕಾಲ 2011ರ ಜುಲೈ 21ಕ್ಕೆ ಮುಗಿಯಿತು. ಆ ಕೊನೆಯ ಇಳಿತವೂ ಸೂರ್ಯ ಹುಟ್ಟುವ ಮೊದಲೇ, ಕ್ಸೆನಾನ್ ದೀಪಗಳ ಬೆಳಕಿನಲ್ಲಿ. ಈಗ ಸ್ಪೇಸ್‌ಎಕ್ಸ್ ಕಂಪನಿಯ ಡ್ರ್ಯಾಗನ್ ಕ್ಯಾಪ್ಸೂಲ್, ಅಂದರೆ ರೆಕ್ಕೆಯಿಲ್ಲದ ನೌಕೆ, ಕಡಲಿಗೆ ಇಳಿಯುತ್ತದೆ. ಲೆಕ್ಕವೂ ಬದಲಾಯಿತು. ರನ್‌ವೇ ಹೋಗಿ ಅಲೆ ಬಂತು.

ಡ್ರ್ಯಾಗನ್‌ಗೆ ಗಾಳಿಯ ಮಿತಿ ಸೆಕೆಂಡಿಗೆ 15 ಅಡಿ, ಅಂದರೆ ಗಂಟೆಗೆ ಸುಮಾರು 16 ಕಿಲೋಮೀಟರ್. ತುಂಬಾ ಕಡಿಮೆ. ಪ್ಯಾರಾಚೂಟಿನಲ್ಲಿ ನೇತಾಡುವ ಕ್ಯಾಪ್ಸೂಲ್ ಗಾಳಿ ಜೊತೆ ಪಕ್ಕಕ್ಕೂ ಸರಿಯುತ್ತದೆ, ನೀರಿಗೆ ಓರೆಯಾಗಿ ಬಡಿಯುತ್ತದೆ. ಇನ್ನೊಂದು ಮಿತಿ ಅಲೆಯ ಇಳಿಜಾರು, 7 ಡಿಗ್ರಿ. ಇಲ್ಲಿ ಅಲೆ ಎಷ್ಟು ಎತ್ತರ ಅಂತ ಮಾತ್ರ ನೋಡಿದರೆ ಏನೂ ತಿಳಿಯುವುದಿಲ್ಲ. ಎರಡು ಅಲೆಗಳ ನಡುವೆ ಎಷ್ಟು ಸೆಕೆಂಡ್ ಇದೆ ಅನ್ನುವುದೂ ಬೇಕು. ಆಳದ ಕಡಲಿನಲ್ಲಿ ಆ ಸೆಕೆಂಡನ್ನು ಅದರಿಂದಲೇ ಗುಣಿಸಿ, ಮತ್ತೆ 1.56ರಿಂದ ಗುಣಿಸಿದರೆ ಅಲೆಯ ಉದ್ದ ಮೀಟರಿನಲ್ಲಿ ಸಿಗುತ್ತದೆ. 4 ಸೆಕೆಂಡಿನ ಅಲೆ 25 ಮೀಟರ್ ಉದ್ದ. 8 ಸೆಕೆಂಡಿನದು 100 ಮೀಟರ್. ಎತ್ತರ ಎರಡಕ್ಕೂ ಒಂದೇ ಮೀಟರ್ ಇರಲಿ. ಎತ್ತರವನ್ನು ಪೈ ಇಂದ ಗುಣಿಸಿ ಉದ್ದದಿಂದ ಭಾಗಿಸಿ, ಡಿಗ್ರಿಗೆ ತಂದರೆ ಮೊದಲನೆಯದರ ಇಳಿಜಾರು 7 ಡಿಗ್ರಿಗೆ ಸ್ವಲ್ಪ ಮೇಲೆ, ಎರಡನೆಯದರದ್ದು 2 ಡಿಗ್ರಿ ಕೂಡ ಇಲ್ಲ. ಒಂದೇ ಎತ್ತರದ ಅಲೆ, ಒಂದರಲ್ಲಿ ಬೇಡ, ಇನ್ನೊಂದರಲ್ಲಿ ಆರಾಮಾಗಿ ಇಳಿಸಬಹುದು. ಇದು ಒಂದು ಅಂದಾಜು ಲೆಕ್ಕ, ಕಡಲಿನ ಅಲೆ ಪುಸ್ತಕದ ಅಲೆಯಷ್ಟು ನೀಟಾಗಿ ಇರುವುದಿಲ್ಲ. ಆದರೂ ಈ ಲೆಕ್ಕ ಕೈಗೆ ಬಂದ ಮೇಲೆ ಕಡಲಿನ ವರದಿ ಓದುವ ರೀತಿಯೇ ಬದಲಾಗುತ್ತದೆ. ಅಮೆರಿಕದ ಸುತ್ತ ಕಡಲಿನಲ್ಲಿ ತೇಲುವ ಮಾಪಕಗಳಿವೆ. ಗಾಳಿ ಎಬ್ಬಿಸಿದ ಸಣ್ಣ ಅಲೆ ಎಷ್ಟು, ದೂರದಿಂದ ಬರುವ ಉದ್ದ ಅಲೆ ಎಷ್ಟು ಅಂತ ಅವು ಬೇರೆ ಬೇರೆಯಾಗಿ ತಿಳಿಸುತ್ತವೆ.

2020ರ ಆಗಸ್ಟ್ 2ರಂದು ಡ್ರ್ಯಾಗನ್‌ನಲ್ಲಿ ಮೊದಲ ಸಲ ಜನ ವಾಪಸ್ ಬಂದಾಗ ಅಟ್ಲಾಂಟಿಕ್ ಕಡೆ ಇಸಾಯಾಸ್ ಚಂಡಮಾರುತ ಬರುತ್ತಿತ್ತು. ಫ್ಲೋರಿಡಾದ ಎರಡೂ ಬದಿಗೆ ಸೇರಿ ಏಳು ಜಾಗ ಗುರುತಿಸಿದ್ದರಿಂದ ಪೆನ್ಸಕೋಲಾ ಕಡೆಗೆ ತಿರುಗಿಸಲು ಆಯಿತು. ಜಾಗ ಜಾಸ್ತಿ ಇಟ್ಟುಕೊಳ್ಳುವುದೇ ಹವಾಮಾನಕ್ಕೆ ಒಳ್ಳೆಯ ಉತ್ತರ. ಆದರೆ 2024ರ ಅಕ್ಟೋಬರಿನಲ್ಲಿ ಏಳೂ ಜಾಗ ಕೈಕೊಟ್ಟು ಡ್ರ್ಯಾಗನ್‌ನ ಕ್ರೂ-8 ಯಾನದವರು ವಾರಗಟ್ಟಲೆ ಕಾಯಬೇಕಾಯಿತು.

ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗಿದ್ದ ನಮ್ಮ ಶುಭಾಂಶು ಶುಕ್ಲಾ ಡ್ರ್ಯಾಗನ್‌ನಲ್ಲಿ ವಾಪಸ್ ಬಂದ ದಿನ, 2025ರ ಜುಲೈ 15, ನಮ್ಮಲ್ಲಿ ಮಳೆಗಾಲ. ಇನ್ವರ್ಟರ್ ಮೇಲೆ ಫೋನ್ ಚಾರ್ಜ್ ಮಾಡಿ ಇಟ್ಟಿದ್ದೆ. ನಮ್ಮ ಗಡಿಯಾರದಲ್ಲಿ ಮಧ್ಯಾಹ್ನ 3:01ಕ್ಕೆ ಇಳಿಯುವುದು, ಇಳಿಯುವ ಕಡಲಿನ ಹತ್ತಿರದ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋದಲ್ಲಿ ಆಗ ರಾತ್ರಿ ಎರಡೂವರೆ. ಪಕ್ಕದಲ್ಲಿ ಕೂತಿದ್ದ ತಂಗಿಯ ಮಗಳು ಕೇಳಿದಳು, “ಮಾವ, ಕತ್ತಲಲ್ಲಿ ಯಾಕೆ ಇಳಿಸ್ತಾರೆ? ಬೆಳಗ್ಗೆ ತನಕ ನಿಲ್ಲಬಾರದಾ?”

ಒಳ್ಳೆ ಪ್ರಶ್ನೆ. ಕ್ಯಾಪ್ಸೂಲಿಗೆ ಬೆಳಕು ಬೇಡ. ಅದು ತಾನಾಗಿಯೇ ದಾರಿ ಹಿಡಿಯುತ್ತದೆ, ಸುಮಾರು ಐದೂವರೆ ಕಿಲೋಮೀಟರ್ ಎತ್ತರದಲ್ಲಿ ಚಿಕ್ಕ ಪ್ಯಾರಾಚೂಟು, ಎರಡು ಕಿಲೋಮೀಟರಿನಲ್ಲಿ ನಾಲ್ಕು ದೊಡ್ಡವು. ಬೆಳಕು ಬೇಕಾಗಿರುವುದು ಎತ್ತಲು ಹೋಗುವವರಿಗೆ. ದೋಣಿಯವರಿಗೆ, ಹಗ್ಗ ಕಟ್ಟುವವರಿಗೆ, ಹೆಲಿಕಾಪ್ಟರಿನವರಿಗೆ. ನೌಕೆಯ ಕಕ್ಷೆ ಇಳಿಯುವ ಜಾಗದ ಮೇಲೆ ಹಾಯುವ ಹೊತ್ತು ನಮ್ಮ ಇಷ್ಟಕ್ಕೆ ಬರುವುದಿಲ್ಲ. ಹಗಲಿಗೆ ಕಾದು ಕೂತರೆ ಗಾಳಿ ಎದ್ದರೂ ಎದ್ದೀತು. ಗಾಳಿ ಅಲೆ ಚೆನ್ನಾಗಿದ್ದು ಕತ್ತಲೆ ಇದ್ದರೆ ಇಳಿಸು, ಬೆಳಕಿದ್ದು ಕಡಲು ಕೆಟ್ಟಿದ್ದರೆ ಬೇಡ, ಇದು ನನ್ನ ಪುಸ್ತಕದ ನಿಯಮ. ಗುರು ಪೂರ್ಣಿಮೆ ಕಳೆದು ಐದು ದಿನ ಆಗಿದ್ದರಿಂದ ಚಂದ್ರ ಆ ಹೊತ್ತಿಗೆ ಮೇಲಿರುತ್ತಾನೆ ಅಂತಲೂ ಬರೆದಿದ್ದೆ. ಆ ಕರಾವಳಿಯಲ್ಲಿ ಬೇಸಿಗೆಯ ರಾತ್ರಿ ತಗ್ಗು ಮೋಡ ಜಾಸ್ತಿ, ಹಾಗಾಗಿ ಚಂದ್ರನನ್ನು ನಂಬಿ ಲೆಕ್ಕ ಹಾಕಲಿಲ್ಲ. ಇನ್‌ಫ್ರಾರೆಡ್ ಕ್ಯಾಮೆರಾದಲ್ಲಿ ಪ್ಯಾರಾಚೂಟು ಬೆಳ್ಳಗೆ ಬಿಚ್ಚಿಕೊಂಡಾಗ ಇಬ್ಬರಿಗೂ ಮಾತೇ ಬರಲಿಲ್ಲ.

ಹಳೆಯ ಕಾಲದಲ್ಲಿ ಕತ್ತಲೆಯ ಕಷ್ಟ ಇನ್ನೂ ದೊಡ್ಡದಿತ್ತು. 1968ರ ಡಿಸೆಂಬರ್ 27ರಂದು ಅಪೊಲೊ 8 ಬೆಳಗಾಗುವ ಮೊದಲೇ ಪೆಸಿಫಿಕ್‌ಗೆ ಇಳಿಯಿತು. ಅಲೆಗೆ ಕ್ಯಾಪ್ಸೂಲ್ ತಲೆಕೆಳಗಾಯಿತು, ಗಾಳಿಚೀಲ ಉಬ್ಬಿಸಿ ನೆಟ್ಟಗೆ ಮಾಡಿಕೊಂಡರು. ಈಜುಗಾರರು ಬೆಳಕು ಹರಿಯುವ ತನಕ ನೀರಿಗೆ ಇಳಿಯಲಿಲ್ಲ. 1976ರ ಅಕ್ಟೋಬರಿನಲ್ಲಿ ಸೋವಿಯತ್ ನೌಕೆ ಸೋಯುಜ್ 23 ಕಜಾಕಸ್ತಾನದಲ್ಲಿ ರಾತ್ರಿ ಹಿಮಗಾಳಿಯ ನಡುವೆ ಹೆಪ್ಪುಗಟ್ಟುತ್ತಿದ್ದ ತೆಂಗಿಜ್ ಸರೋವರಕ್ಕೆ ಬಿತ್ತು. ಒಳಗಿದ್ದ ಇಬ್ಬರನ್ನು ಹೊರಗೆ ತೆಗೆಯಲು ಮರುದಿನವಾಯಿತು. ಅಪೊಲೊ 8 ಆದ ಮೇಲೆ ಅಮೆರಿಕದ ಗಗನಯಾತ್ರಿಗಳು ರಾತ್ರಿ ಕಡಲಿಗೆ ಇಳಿದಿದ್ದು 2021ರ ಮೇ 2ರಂದೇ.

ನಮ್ಮ ರಾಜ್ಯದಲ್ಲೇ ಆದ ಇಳಿತಗಳನ್ನು ನಾನು ಹೆಚ್ಚು ಪ್ರೀತಿಯಿಂದ ಬರೆದಿಟ್ಟಿದ್ದೇನೆ. ಚಳ್ಳಕೆರೆ ಹತ್ತಿರದ ಪರೀಕ್ಷಾ ರನ್‌ವೇಯಲ್ಲಿ ಇಸ್ರೋದ ರೆಕ್ಕೆಯ ವಾಹನ 2023ರ ಏಪ್ರಿಲ್ 2, 2024ರ ಮಾರ್ಚ್ 22, ಮತ್ತೆ ಜೂನ್ 23ರಂದು ಇಳಿಯಿತು. ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ನಾಲ್ಕೂವರೆ ಕಿಲೋಮೀಟರ್ ಮೇಲಕ್ಕೆ ಒಯ್ದು ಬಿಟ್ಟಿತು, ವಾಹನ ತಾನೇ ರನ್‌ವೇ ಹುಡುಕಿಕೊಂಡು ಬಂತು. ಮೂರು ಸಲವೂ ಪರೀಕ್ಷೆ ನಡೆದಿದ್ದು ಬೆಳಗ್ಗೆ ಏಳು ದಾಟಿದ ಹೊತ್ತಿನಲ್ಲಿ. ಬಯಲುಸೀಮೆಯಲ್ಲಿ ನೆಲ ಕಾಯುವ ಮೊದಲಿನ ಆ ಹೊತ್ತು ಗಾಳಿ ಮಂದ, ಬೆಳಕು ಸಾಕಷ್ಟು. ಮೂರನೆಯದು ಮುಂಗಾರಿನ ಜೂನ್. ನಮ್ಮ ಬೆಟ್ಟಕ್ಕೆ ಮಳೆ ಸುರಿಸಿದ ಗಾಳಿ ಚಿತ್ರದುರ್ಗದ ಕಡೆ ಒಣಗಾಳಿಯಾಗಿ ಜೋರಾಗಿ ಬೀಸುತ್ತದೆ, ಅಲ್ಲಿನ ಗುಡ್ಡದ ತುಂಬ ಗಾಳಿಯಂತ್ರ ಇರುವುದೇ ಅದಕ್ಕೆ. ಆ ಸಲ ಹೆಚ್ಚಿನ ಗಾಳಿಯಲ್ಲಿ, ನೇರ ದಾರಿಯಿಂದ 500 ಮೀಟರ್ ಪಕ್ಕಕ್ಕೆ ಬಿಟ್ಟರು. ಆದರೂ ನಡುಗೆರೆಗೆ ಬಂದು ನಿಂತಿತು. ಗಂಟೆಗೆ 320 ಕಿಲೋಮೀಟರ್ ದಾಟಿದ ವೇಗದಲ್ಲಿ ಚಕ್ರ ನೆಲ ಮುಟ್ಟಿತು ಅಂತ ಓದಿದಾಗ ನಾನು ಪುಸ್ತಕದಲ್ಲಿ ಅಡಿಗೆರೆ ಎಳೆದೆ.

ಈಗ ನನ್ನ ಗಮನ ಎಲ್ಲ ಗಗನಯಾನದ ಮೇಲೆ, ಅಂದರೆ ಜನರನ್ನು ಕಕ್ಷೆಗೆ ಕಳಿಸಿ ವಾಪಸ್ ತರುವ ಇಸ್ರೋ ಯೋಜನೆಯ ಮೇಲೆ. 2023ರ ಅಕ್ಟೋಬರ್ 21ರ ಪರೀಕ್ಷೆಯಲ್ಲಿ ಕ್ಯಾಪ್ಸೂಲ್ ಶ್ರೀಹರಿಕೋಟಾದಿಂದ ಸುಮಾರು 10 ಕಿಲೋಮೀಟರ್ ದೂರ ಕಡಲಿಗೆ ಸರಿಯಾಗಿ ಇಳಿಯಿತು, ಆದರೆ ನೀರಿನಲ್ಲಿ ತಲೆಕೆಳಗಾಗಿ ತೇಲುತ್ತಿತ್ತು. ನೌಕಾಪಡೆಯವರು ಎತ್ತಿ ತಂದರು. ಅದನ್ನು ನೆಟ್ಟಗೆ ಮಾಡುವ ವ್ಯವಸ್ಥೆ ಗಗನಯಾನಕ್ಕೆ ಇದೆ. ಆದರೂ ಜನ ಒಳಗಿದ್ದಾಗ ಅಲೆಯ ಇಳಿಜಾರು ಎಷ್ಟು ಮುಖ್ಯ ಅಂತ ಅಲ್ಲೇ ಕಾಣುತ್ತದೆ. ಹೈದರಾಬಾದಿನ ಇನ್‌ಕೋಯಿಸ್ ಸಂಸ್ಥೆ ನಮ್ಮ ಎರಡೂ ಕಡಲಿನ ಅಲೆಯ ಎತ್ತರ ಮತ್ತು ಸೆಕೆಂಡಿನ ಮುನ್ಸೂಚನೆ ಕೊಡುತ್ತದೆ. ನಾನು ಅದನ್ನು ತೆಗೆದು 7 ಡಿಗ್ರಿಯ ಲೆಕ್ಕಕ್ಕೆ ಹಾಕಿ ನೋಡುತ್ತಿದ್ದೇನೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಅರಬ್ಬೀ ಸಮುದ್ರ ಬೇಡವೇ ಬೇಡ. ಅಕ್ಟೋಬರಿನಿಂದ ಡಿಸೆಂಬರ್ ಬಂಗಾಳ ಕೊಲ್ಲಿಗೆ ಚಂಡಮಾರುತದ ಕಾಲ. ನನ್ನ ಓಟು ಜನವರಿಯಿಂದ ಮಾರ್ಚ್ ನಡುವೆ, ಸೂರ್ಯ ಹುಟ್ಟಿ ಸ್ವಲ್ಪ ಹೊತ್ತಾದ ಮೇಲೆ. ಗಾಳಿ ಇನ್ನೂ ಎದ್ದಿರುವುದಿಲ್ಲ, ಎತ್ತುವವರಿಗೆ ಇಡೀ ಹಗಲು ಕೈಯಲ್ಲಿರುತ್ತದೆ. 2007ರ ಜನವರಿ 22ರಂದು ಇಸ್ರೋ ಮೊದಲ ಸಲ ಕಕ್ಷೆಯಿಂದ ಒಂದು ಕ್ಯಾಪ್ಸೂಲನ್ನು ವಾಪಸ್ ತಂದಿದ್ದೂ ಇದೇ ತಿಂಗಳುಗಳಲ್ಲಿ, ಬಂಗಾಳ ಕೊಲ್ಲಿಗೆ.