ದಿಯೆನ್ ಬಿಯೆನ್ ಫು ಕಟ್ಟಿದ್ದು ಕೆರೆ ಮಣ್ಣಲ್ಲಿ

ವಿಯೆಟ್ನಾಂ ಪಾಠಕ್ಕೆ, 1954ರಲ್ಲಿ ಫ್ರೆಂಚರು ಸೋತ ದಿಯೆನ್ ಬಿಯೆನ್ ಫು ಕಣಿವೆಯ ಮಾದರಿ ಮಾಡ್ತೀನಿ ಅಂದಾಗ ಸ್ಟಾಫ್ ರೂಮಲ್ಲಿ ಎಲ್ಲ ನಕ್ಕಿದ್ದರು. "ಒಂದು ಮಾರ್ಕಿಗೂ ಬರಲ್ಲ, ಯಾಕ್ ಸಾರ್ ಮೈಗೆ ಮಣ್ಣು ಮೆತ್ಕೋತೀರಿ?" ಅಂತ. ಮೂರನೇ ವರ್ಷ ಕೈ ಹಿಡೀತು, ಅದಕ್ಕೇ ಬರೀತಿದ್ದೀನಿ.

ಮೊದಲ ವರ್ಷ ಥರ್ಮಾಕೋಲ್. ಒಂಬೈನೂರು ರೂಪಾಯಿ ಹೋಯ್ತು. ರಬ್ಬರ್ ಗಮ್ ಹಚ್ಚಿದ್ದೇ ತಡ, ಬೆಟ್ಟಗಳೆಲ್ಲ ಕರಗಿ ಗುಂಡಿಬಿದ್ದವು. ಮರುವರ್ಷ ಪ್ಲೈವುಡ್ ಮೇಲೆ ಪ್ಲಾಸ್ಟರ್, ಹದಿನೈದು ನೂರರ ಬಾಬ್ತು. ತರಗತಿ ಬಾಗಿಲಲ್ಲಿ ನುಗ್ಗಿಸುವಾಗ ಎರಡು ಹೋಳು. ಈ ಸಲ ಕೆರೆ ಮಣ್ಣು ಪುಕ್ಕಟೆ, ಟ್ರ್ಯಾಕ್ಟರಿಗೆ ಮುನ್ನೂರು, ಹುಡುಗರ ಟೀ-ಬನ್ನಿಗೆ ಇನ್ನೂರು. ಶಾಲೆಯ ಹಿತ್ತಲಲ್ಲೇ ಕಟ್ಟಿದೆವು. ಬಿರುಕು ಬಿಡದ ಹಾಗೆ ಏನು ಬೆರೆಸಿದೆ ಅನ್ನೋದು ಮಾತ್ರ ಜಿಲ್ಲಾ ಸ್ಪರ್ಧೆ ಮುಗಿಯೋವರೆಗೆ ನನ್ನ ಹತ್ರಾನೇ ಇರಲಿ.

ಕಿಲೋಮೀಟರಿಗೆ 15 ಸೆಂ.ಮೀ. ಇಟ್ಟರೆ 18 ಕಿ.ಮೀ. ಕಣಿವೆ ಹತ್ತಿರ ಹತ್ತಿರ ಒಂಬತ್ತಡಿ ಆಗುತ್ತೆ. ಬೆಟ್ಟದ ಎತ್ತರವನ್ನು ಮೂರು ಪಟ್ಟು ಮಾಡಲೇಬೇಕು, ಇಲ್ಲದಿದ್ದರೆ ದೋಸೆ ಹಾಗೆ ಕಾಣುತ್ತೆ.

ಆಮೇಲೆ ಮಕ್ಕಳನ್ನು ಕಣಿವೆಯ ಅಂಚಲ್ಲಿ ಗಲ್ಲ ನೆಲಕ್ಕೆ ತಾಗೋ ಹಾಗೆ ಮಲಗಿಸಿದೆ. ಮೇಲೆ ಬೆಟ್ಟದಲ್ಲಿ ಗುಂಡಿ ತೋಡಿ, ಎಲೆ ಮುಚ್ಚಿ, ಕಡ್ಡಿಯ ಫಿರಂಗಿ ತೋಪು ಹುದುಗಿಸಿದ್ದೆ. "ಸಾರ್, ಅವರು ಕಾಣ್ತಾನೇ ಇಲ್ಲ. ನಾವು ಮಾತ್ರ ಅವರಿಗೆ ಪೂರ್ತಿ ಕಾಣ್ತೀವಿ" ಅಂದ ಎಂಟನೇ ಕ್ಲಾಸಿನವನೊಬ್ಬ. ಇಷ್ಟೇ ಬೇಕಿದ್ದಿದ್ದು ನನಗೆ! ಆ ಬೆಟ್ಟಕ್ಕೆ ದೊಡ್ಡ ತೋಪು ಏರಿಸೋಕಾಗಲ್ಲ, ಏರಿಸಿದರೂ ಬಾಯಿ ಮುಚ್ಚಿಸ್ತೀವಿ ಅಂತ 1953ರ ನವೆಂಬರಲ್ಲಿ ಫ್ರೆಂಚರು ಪ್ಯಾರಾಚೂಟಲ್ಲಿ ಇಳಿದರು. ಹನೋಯ್ ಸುಮಾರು 300 ಕಿ.ಮೀ. ದೂರ, ಗೋಧಿಹಿಟ್ಟಿಂದ ಗುಂಡಿನವರೆಗೆ ಎಲ್ಲ ವಿಮಾನದಲ್ಲೇ. ವಿಯೆಟ್ನಾಂ ಸೇನೆಯ ಜನರಲ್ ಜಿಯಾಪ್ ಕಡೆಯವರು ತೋಪುಗಳನ್ನು ಹಗ್ಗ ಕಟ್ಟಿ ಎಳೆದು ಏರಿಸಿದರು. ಜನವರಿಯಲ್ಲಿ ದಾಳಿ ಬೇಡ ಅಂತ ಕೆಳಗಿಳಿಸಿ, ಮತ್ತೆ ಏರಿಸಿದರು. 1954ರ ಮಾರ್ಚ್ 13ಕ್ಕೆ ಶುರು, ತಿಂಗಳು ಮುಗಿಯೋದರೊಳಗೆ ವಿಮಾನ ಇಳಿಯೋದು ನಿಂತಿತು, ಮೇ 7ಕ್ಕೆ ಕೋಟೆ ಬಿತ್ತು.

ನಡುವೆ ಒಂದು ಹುಚ್ಚಾಟ. ಜಿಯಾಪ್ ಕಡೆಯ ಕೂಲಿಗಳು ಸೈಕಲ್ಲಿಗೆ 200 ಕಿಲೋ ಹೇರಿ ತಳ್ಳುತ್ತಿದ್ದರಲ್ಲ, ನನ್ನ ಹಳೇ ಅಟ್ಲಾಸಿಗೆ ಬಿದಿರು ಕಟ್ಟಿ ಮರಳಿನ ಚೀಲ ಹೇರಿದೆ. ತೊಂಬತ್ತು ಕಿಲೋ ಇರಬೇಕು, ಟ್ಯೂಬ್ ಢಮಾರ್. ಟಯರೊಳಗೆ ಹಳೇ ಬಟ್ಟೆ ತುರುಕಿದ ಮೇಲೆ ನೂರಿಪ್ಪತ್ತು ದಾಟಿತು. ಹ್ಯಾಂಡಲ್ಲಿಗೆ ಬಿದಿರು ಕಟ್ಟೋ ಕೋನದಲ್ಲೂ ಒಂದು ಗುಟ್ಟಿದೆ, ನೀವೇ ಕಂಡುಕೊಳ್ಳಿ.

ಯುದ್ಧ ಗೆದ್ದ ಮೇಲೆ ಸರ್ಕಾರ ಅಂತ ನಾವೇ ತಪ್ಪಾಗಿ ಕಲಿಸ್ತೀವಿ. ವಿಯೆಟ್ನಾಂ ನಾಯಕ ಹೋ ಚಿ ಮಿನ್ 1945ರ ಸೆಪ್ಟೆಂಬರ್ 2ಕ್ಕೇ ಗಣರಾಜ್ಯ ಸಾರಿಯಾಗಿತ್ತು. ಫ್ರೆಂಚರು ಒಪ್ಪದೆ ವಾಪಸ್ ಬಂದದ್ದಕ್ಕೇ ಯುದ್ಧ. ಸಾರಿದ್ದನ್ನು ಒಪ್ಪಿಸೋಕೆ ಒಂಬತ್ತು ವರ್ಷ ಹಿಡೀತು.

ಕೊನೇ ದಿನ ಅಂಗಳದಲ್ಲಿ ವಿಯೆಟ್ನಾಂ ನಕ್ಷೆ ಬರೆದು, ಯುದ್ಧ ನಿಲ್ಲಿಸಿ ದೇಶವನ್ನು ಉತ್ತರ, ದಕ್ಷಿಣ ಅಂತ ಎರಡು ಮಾಡಿದ ಜಿನೀವಾ ಒಪ್ಪಂದದ 17ನೇ ಅಕ್ಷಾಂಶಕ್ಕೆ ರಂಗೋಲಿ ಗೆರೆ ಎಳೆದೆ. ಹುಡುಗಿಯೊಬ್ಬಳು ಎದ್ದು, "ಗೆದ್ದೋರಿಗೆ ಅರ್ಧಾನೇ ಯಾಕೆ ಸಾರ್?" ಅಂದಳು. ರಷ್ಯಾ, ಚೀನಾದ ಒತ್ತಡ, ದೇಶ ಒಂದುಗೂಡಿಸೋಕೆ 1956ಕ್ಕೆ ಅಂತ ಹೇಳಿ ನಡೆಯದೇ ಹೋದ ಚುನಾವಣೆ, ನಮ್ಮ ಭಾರತವೇ ಅಧ್ಯಕ್ಷನಾಗಿದ್ದ, ಒಪ್ಪಂದದ ಉಸ್ತುವಾರಿ ಆಯೋಗ — ಎಲ್ಲ ಹೇಳೋಷ್ಟರಲ್ಲಿ ಎರಡು ಪೀರಿಯಡ್ ಹೋಯ್ತು. ಅದರಲ್ಲಿ ಒಂದು ಗಣಿತದ ಮೇಡಮ್ಮರದ್ದು, ಇನ್ನೂ ಸರಿಯಾಗಿ ಮಾತಾಡ್ತಿಲ್ಲ ನನ್ನ ಹತ್ರ.